ಮನೆ ಮುಂದೆ ಮರಳು, ಶಾಮಿಯಾನ, ಸೆಂಟ್ರಿಂಗ್ ಸಾಮಾನು: ರಸ್ತೆ ಮೇಲೆ ಏನಾದ್ರೂ ಇಡೋ ಮುಂಚೆ ಓದ್ಕೊಳ್ಳಿ

ಮನೆ ಕಟ್ಸೋರು, ಮನೇಲಿ ಮದ್ವೆ ನಾಮಕರಣ ಇಟ್ಕೊಂಡೋರು, ಬೀದೀಲಿ ಗಣೇಶ ಕೂರ್ಸೋ ಹುಡುಗ್ರು, ಇವ್ರೆಲ್ಲ ಒಂದಲ್ಲ ಒಂದು ದಿನ ರಸ್ತೆ ಮೇಲೆ ಏನಾದ್ರೂ ಇಡ್ಲೇಬೇಕಾಗುತ್ತೆ. ಇಟ್ಟಾದ್ಮೇಲೆ ಎದುರುಮನೆಯೋರು ಜಗಳಕ್ಕೆ ಬಂದಾಗ್ಲೋ, ಪಾಲಿಕೆ ಟ್ರ್ಯಾಕ್ಟರ್ ಬಂದು ನಿಂತಾಗ್ಲೋ "ಓ ಇದಕ್ಕೂ ಪರ್ಮಿಷನ್ ಬೇಕಿತ್ತಾ" ಅಂತಾರೆ. ಬೇಕಿತ್ತು ಸ್ವಾಮಿ. ನಿಮ್ಮ ಜಾಗ ಕಾಂಪೌಂಡ್ ಗೋಡೆಗೆ ಮುಗೀತು, ಗೇಟಿನಿಂದ ಆಚೆ ಇರೋ ಚರಂಡಿ, ಅದರ ಮೇಲಿನ ಕಲ್ಲು, ಫುಟ್‌ಪಾತ್, ಟಾರು ಎಲ್ಲಾ ಸಾರ್ವಜನಿಕರದ್ದು, ನೀವು ಕಂದಾಯ ಕಟ್ತಿರೋದು ಸೈಟಿಗೆ, ಅದರ ಮುಂದಿರೋ ರಸ್ತೆಗಲ್ಲ. ಹಂಗಂತ ಏನೂ ಇಡಂಗೇ ಇಲ್ಲ ಅಂತೇನಿಲ್ಲ, ಕಾನೂನೇ ಸ್ವಲ್ಪ ದಿನದ ಮಟ್ಟಿಗೆ ಅಂತ ದಾರಿ ಬಿಟ್ಟಿದೆ. ಆದ್ರೆ ಆ ದಾರಿ ಲಿಖಿತ ಅನುಮತಿ ಮೂಲಕ ಹೋಗುತ್ತೆ. ವಾರ್ಡಿನ ಯಾರೋ ಲೀಡರ್ ಫೋನಲ್ಲಿ "ಹಾಕ್ಕೊಳ್ಳಿ ಸಾರ್, ನಾನಿದೀನಿ" ಅಂದಿದ್ದು ಅನುಮತಿ ಅಲ್ಲ, ಏನಾದ್ರೂ ಆದ್ರೆ ಅವ್ರು ಅಲ್ಲಿರಲ್ಲ.

ನಾನಿಲ್ಲಿ ಹೇಳ್ತಿರೋದು ಕರ್ನಾಟಕದ ಊರುಗಳ ಬಗ್ಗೆ. ಫೀಸು, ಎಷ್ಟು ದಿನ ಕೊಡ್ತಾರೆ ಅನ್ನೋದು ಒಂದೊಂದು ಊರಲ್ಲಿ ಒಂದೊಂದು ಥರ, ಅದನ್ನ ಆಫೀಸಲ್ಲೇ ಕೇಳ್ಕೋಬೇಕು, ಕೆಲಸ ಮಾಡೋ ಕ್ರಮ ಮಾತ್ರ ಎಲ್ಲಾ ಕಡೆ ಸುಮಾರು ಇದೇ.

ಮೊದಲು: ಆ ರಸ್ತೆ ಯಾರದ್ದು ಅಂತ ತಿಳ್ಕೊಳ್ಳಿ

ಇದನ್ನ ಯಾರೂ ಕೇಳಲ್ಲ, ಆಮೇಲೆ ಒಂದು ಆಫೀಸಿಂದ ಇನ್ನೊಂದಕ್ಕೆ ಅಲೀತಾರೆ. ಮಹಾನಗರ ಪಾಲಿಕೆ ಇರೋ ಊರಾದ್ರೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ನಡೆಯುತ್ತೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಆದ್ರೆ 1964ರ ಮುನಿಸಿಪಾಲಿಟಿ ಕಾಯ್ದೆ, ಹಳ್ಳಿ ಆದ್ರೆ ಗ್ರಾಮ ಪಂಚಾಯಿತಿ, ಅದಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆ. ಬೆಂಗಳೂರಿನೋರು ಇನ್ನೂ ಬಿಬಿಎಂಪಿ ಬಿಬಿಎಂಪಿ ಅಂತಾನೇ ಇರ್ತಾರೆ, ಆದ್ರೆ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು 2025ರಲ್ಲಿ ಅದು ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ ಆಗಿವೆ, ಇವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ (ಜಿಬಿಎ) ಇದೆ. ಹಂಗಾಗಿ ಅರ್ಜೀಲಿ ಹಳೇ ಹೆಸರು ಬರ್ದು ವಾಪಸ್ ಕಳಿಸಿಕೊಳ್ಬೇಡಿ, ನಿಮ್ಮ ಏರಿಯಾ ಈಗ ಯಾವ ಪಾಲಿಕೆಗೆ ಬಂದಿದೆ ಅಂತ ಮೊದಲು ನೋಡ್ಕೊಳ್ಳಿ.

ಇದ್ರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಊರ ಮಧ್ಯೆ ಹೋಗೋ ಮೇನ್ ರೋಡ್ ಎಷ್ಟೋ ಕಡೆ ಪುರಸಭೆದಲ್ಲ, ಲೋಕೋಪಯೋಗಿ ಇಲಾಖೆದು ಅಥವಾ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿ ಜಾಗದ ಮೇಲೆ ಪುರಸಭೆ ಕೊಟ್ಟ ಚೀಟಿ ಇಟ್ಕೊಂಡು ಜಲ್ಲಿ ಸುರಿದ್ರೆ ಆ ಚೀಟಿಗೆ ಬೆಲೆ ಇಲ್ಲ, ರಾಷ್ಟ್ರೀಯ ಹೆದ್ದಾರಿಗೆ 2002ರದ್ದೇ ಬೇರೆ ಕಾಯ್ದೆ ಇದೆ, ರಾಜ್ಯದ ಹೆದ್ದಾರಿಗೆ 1964ರದ್ದು. ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ ಅಂದ್ರೆ ನಗರಾಭಿವೃದ್ಧಿ ಪ್ರಾಧಿಕಾರದೋರನ್ನೋ ಲೇಔಟ್ ಸಂಘದೋರನ್ನೋ ಕೇಳ್ಬೇಕು.

ಎರಡನೇದು: ನಿಜವಾಗ್ಲೂ ರಸ್ತೆ ಬೇಕಾ, ಎಷ್ಟು ಬೇಕು

ಅರ್ಜಿ ಬರೆಯೋ ಮುಂಚೆ ಟೇಪ್ ಹಿಡ್ಕೊಂಡು ಅಳತೆ ಮಾಡಿ. ಇದನ್ನ ಮಾಡಿದ್ರೆ ಅರ್ಧ ತಲೆನೋವು ಇಲ್ಲೇ ಮುಗಿಯುತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಮರಳು ತಗೊಳ್ಳಿ. ಒಂದು ಯೂನಿಟ್ ಅಂದ್ರೆ 100 ಘನ ಅಡಿ. ಒಣ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಸುರಿದ್ರೆ ಅದು ಗುಡ್ಡೆ ಆಗಿ ನಿಲ್ಲೋದು ಸುಮಾರು 30ರಿಂದ 35 ಡಿಗ್ರಿ ಇಳಿಜಾರಲ್ಲಿ, ಲೆಕ್ಕ ಹಾಕಿದ್ರೆ ಒಂದೇ ಯೂನಿಟ್ಟಿನ ಗುಡ್ಡೆ ಮೂರೂವರೆ ಅಡಿ ಎತ್ತರ ಆಗಿ ಬುಡದಲ್ಲಿ ಹತ್ತಡಿ ಅಗಲ ಹರಡುತ್ತೆ. ಟಿಪ್ಪರ್‌ನೋನು ನಾಲ್ಕು ಯೂನಿಟ್ ಒಟ್ಟಿಗೆ ಸುರಿದು ಹೋದ ಅಂದ್ರೆ ಬುಡ ಹದಿನಾರು ಅಡಿ ಮೇಲಾಗುತ್ತೆ. ನಿಮ್ಮ ಕ್ರಾಸ್ ರಸ್ತೆ ಇಪ್ಪತ್ತಡಿದು, ಉಳೀತು ನಾಲ್ಕಡಿ, ಅದ್ರಲ್ಲಿ ಆಟೋನೂ ಹೋಗಲ್ಲ. ಹಂಗಾಗಿ ಸಪ್ಲೈಯರ್‌ಗೆ ಮೊದಲೇ ಹೇಳಿ, ಒಂದೊಂದೇ ಲೋಡ್ ಸಣ್ಣ ಗಾಡೀಲಿ ಕಳಿಸು ಅಂತ, ಟ್ರಿಪ್ಪಿಗೆ ಸ್ವಲ್ಪ ಜಾಸ್ತಿ ಕೇಳ್ತಾನೆ, ಕೊಡಿ, ದಂಡಕ್ಕಿಂತ ವಾಸಿ. ಗುಡ್ಡೆ ಸುತ್ತ ಎರಡು ಸಾಲು ಸಾಲಿಡ್ ಬ್ಲಾಕ್ ಜೋಡಿಸ್ಬಿಟ್ರೆ ಹರಡೋದು ನಿಲ್ಲುತ್ತೆ, ಅದೇ ಹತ್ತಡಿ ಸಾಕಷ್ಟು ಕಮ್ಮಿ ಆಗುತ್ತೆ.

ಕಂಬಿ ಇನ್ನೊಂದು. ಟಿಎಂಟಿ ರಾಡು ಬರೋದು 12 ಮೀಟರ್ ಉದ್ದ, ಅಂದ್ರೆ ಹತ್ರತ್ರ ನಲವತ್ತಡಿ, ನಿಮ್ಮದು 30-40 ಸೈಟು, ಮುಂಭಾಗ ಮೂವತ್ತೇ ಅಡಿ. ಉದ್ದುದ್ದ ರಸ್ತೆ ಬದೀಲಿ ಹಾಕಿದ್ರೆ ಹತ್ತಡಿ ಪಕ್ಕದ್ಮನೆ ಗೇಟ್ ಮುಂದೆ ಹೋಗಿ ಮಲಗುತ್ತೆ, ಆ ಮನೆ ಅಜ್ಜಿ ಬೆಳಿಗ್ಗೆ ರಂಗೋಲಿ ಹಾಕೋಕೆ ಬಂದು ಎಡವಿದ್ರೆ ಮುಗೀತು ಕಥೆ. ಅಂಗಡೀಲೇ ಮಡಚಿ ಕಳಿಸಿ ಅನ್ನಿ, ಇಪ್ಪತ್ತಡಿಗೆ ಬರುತ್ತೆ. ಇಲ್ಲಾ ಸೈಟ್ ಒಳಗೆ ಮನೆ ಸುತ್ತ ಬಿಡೋ ಖಾಲಿ ಜಾಗ, ಅಂದ್ರೆ ಸೆಟ್‌ಬ್ಯಾಕಲ್ಲಿ ಉದ್ದಕ್ಕೆ ಹಾಕ್ಸಿ.

ಇಟ್ಟಿಗೆ ಬ್ಲಾಕು ಬೇಕಾದಷ್ಟೇ ತರ್ಸಿ. ಸೆಂಟ್ರಿಂಗ್ ಶೀಟು, ಜಾಕು, ಸರ್ವೆ ಕಂಬ ಇವು ಮೋಲ್ಡ್‌ಗೆ (ತಾರಸಿ ಕಾಂಕ್ರೀಟ್ ಹಾಕೋದಕ್ಕೆ) ಸೆಂಟ್ರಿಂಗ್ ಕಟ್ಟೋಕೆ ಶುರು ಮಾಡೋ ಹೊತ್ತಿಗೆ ಬಂದ್ರೆ ಸಾಕು, ಮೇಸ್ತ್ರಿಗಳು ಹದಿನೈದು ದಿನ ಮುಂಚೇನೇ ತಂದು ಬಿಸಾಕ್ತಾರೆ ಯಾಕಂದ್ರೆ ಅವ್ರಿಗೆ ಬೇರೆ ಸೈಟಲ್ಲಿ ಜಾಗ ಇರಲ್ಲ, ನಿಮ್ಮ ರಸ್ತೆ ಅವ್ರ ಗೋಡೌನ್ ಆಗುತ್ತೆ. ಇದನ್ನ ಕಾಂಟ್ರಾಕ್ಟ್ ಮಾತಾಡೋವಾಗ್ಲೇ ಖಡಾಖಂಡಿತ ಹೇಳ್ಬಿಡಿ, ಕಾಗದದಲ್ಲೂ ಬರೆಸಿ.

ಕಾನೂನು ಒಂದು ನಿಮಿಷ

ಪಾಲಿಕೆ ಕಾಯ್ದೆ ಪ್ರಕಾರ ಸಾರ್ವಜನಿಕ ರಸ್ತೇಲಿ ಆಯುಕ್ತರ ಲಿಖಿತ ಅನುಮತಿ ಇಲ್ದೆ ಸಾಮಾನು ಇಡಂಗಿಲ್ಲ, ಗುಂಡಿ ತೋಡಂಗಿಲ್ಲ. ಕಟ್ಟಡದ ಕೆಲಸದಿಂದ ರಸ್ತೆಗೆ ಅಡ್ಡಿ ಆಗೋ ಹಂಗಿದ್ರೆ ಮುಂಚೆನೇ ಲೈಸೆನ್ಸ್ ತಗೋಬೇಕು, ಬೇಲಿ ಕಟ್ಟಿ ರಾತ್ರಿ ದೀಪ ಇಡ್ಬೇಕು. ಅನುಮತಿ ಇಲ್ದೆ ಇಟ್ಟ ಸ್ಟಾಲು, ಬೆಂಚು, ಡಬ್ಬ ಇಂಥವನ್ನ ನೋಟಿಸ್ ಕೂಡ ಕೊಡ್ದೆ ಎತ್ಕೊಂಡು ಹೋಗೋ ಅಧಿಕಾರ ಅವ್ರಿಗಿದೆ, ಅದಕ್ಕೇ "ನೋಟಿಸ್ ಎಲ್ಲಿ" ಅಂತ ಟ್ರ್ಯಾಕ್ಟರ್ ಮುಂದೆ ಮಲಗಿ ಪ್ರಯೋಜನ ಇಲ್ಲ.

ಪೊಲೀಸ್ ಕಡೆಯಿಂದ ಬರೋದು ಬೇರೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರ 285ನೇ ಸೆಕ್ಷನ್ ಸಾರ್ವಜನಿಕ ದಾರೀಲಿ ಅಡ್ಡಿ ಅಥವಾ ಅಪಾಯ ಮಾಡೋದ್ರ ಬಗ್ಗೆ. ಐಪಿಸಿ 283ರಲ್ಲಿ ದಂಡ ಬರೀ 200 ರೂಪಾಯಿವರೆಗೆ ಇತ್ತು, ಈಗ 5,000ವರೆಗೆ. ನೀವೇ ಇಟ್ಟಿರ್ಬೇಕು ಅಂತೇನೂ ಇಲ್ಲ, ನಿಮ್ಮ ಸುಪರ್ದಿನಲ್ಲಿರೋ ವಸ್ತುವನ್ನ ಸರಿಯಾಗಿ ನೋಡ್ಕೊಳ್ಳದೆ ಬಿಟ್ಟಿದ್ರಿಂದ ಯಾರಿಗಾದ್ರೂ ತೊಂದ್ರೆ ಆದ್ರೂ ಸಾಕು. "ಅದು ಕಾಂಟ್ರಾಕ್ಟರ್ ಹಾಕಿಸಿದ್ದು ಸಾರ್" ಅಂತ ಕೈ ತೊಳ್ಕೊಳ್ಳೋದು ಕಷ್ಟ. ಜನ ಬಿದ್ದು ಕೈಕಾಲು ಮುರೀತು, ಜೀವ ಹೋಯ್ತು ಅಂದ್ರೆ ಆವಾಗ ಸೆಕ್ಷನ್ನೇ ಬೇರೆ, ನಿರ್ಲಕ್ಷ್ಯದ ಕೇಸು, ಜೈಲಿನ ಮಾತು.

ಮೂರನೇದು: ಅರ್ಜಿ

ವಾರ್ಡ್ ಆಫೀಸ್‌ಗೆ ಹೋಗಿ, ಸಣ್ಣ ಊರಾದ್ರೆ ನೇರ ನಗರಸಭೆ ಅಥವಾ ಪುರಸಭೆಗೆ. ಅಲ್ಲಿ ಯಾರನ್ನ ಕೇಳ್ಬೇಕು ಅಂದ್ರೆ ಇಂಜಿನಿಯರಿಂಗ್ ವಿಭಾಗದ ಜೆಇ (ಜೂನಿಯರ್ ಇಂಜಿನಿಯರ್) ಅಥವಾ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಅವ್ರನ್ನ. ಅರ್ಜಿ ಬಿಳಿ ಹಾಳೇಲಿ ಬರೆದ್ರೆ ಸಾಕು, ಆದ್ರೆ ಅಳತೆ, ದಿನಾಂಕ, ಬಿಡೋ ದಾರಿ ಈ ಮೂರು ಇರ್ಲೇಬೇಕು. ಹೆಚ್ಚಿನ ಅರ್ಜಿ ಬಿದ್ದು ಒದ್ದಾಡೋದು "ಸ್ವಲ್ಪ ದಿನ", "ಸ್ವಲ್ಪ ಜಾಗ" ಅಂತ ಬರೆದಿರೋದಕ್ಕೆ. ಹಿಂಗೆ ಬರೀಬಹುದು:

"ಮಾನ್ಯರೇ,
ವಿಷಯ: ಕಟ್ಟಡ ಸಾಮಗ್ರಿಗಳನ್ನು ರಸ್ತೆ ಬದಿಯಲ್ಲಿ ತಾತ್ಕಾಲಿಕವಾಗಿ ಇರಿಸಲು ಅನುಮತಿ ಕೋರಿ.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಸ್ವತ್ತಿನಲ್ಲಿ ಮಂಜೂರಾದ ನಕ್ಷೆಯಂತೆ ಮನೆ ಕಟ್ಟುತ್ತಿದ್ದು, ಸ್ವತ್ತಿನ ಒಳಗೆ ಜಾಗ ಸಾಲದ ಕಾರಣ, ಮುಂಭಾಗದ ___ ಅಡಿ ಅಗಲದ ರಸ್ತೆಯಲ್ಲಿ ___ ಅಡಿ ಉದ್ದ, ___ ಅಡಿ ಅಗಲದ ಜಾಗದಲ್ಲಿ ದಿನಾಂಕ ___ ರಿಂದ ___ ರವರೆಗೆ ಮರಳು ಮತ್ತು ಜಲ್ಲಿ ಇರಿಸಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ವಾಹನಗಳಿಗೆ ___ ಅಡಿ, ಪಾದಚಾರಿಗಳಿಗೆ ___ ಅಡಿ ದಾರಿಯನ್ನು ಸದಾ ಖಾಲಿ ಬಿಡುತ್ತೇನೆ. ಚರಂಡಿ ಮುಚ್ಚುವುದಿಲ್ಲ. ಅವಧಿ ಮುಗಿದ ಕೂಡಲೇ ನನ್ನ ಖರ್ಚಿನಲ್ಲೇ ತೆರವು ಮಾಡಿ ರಸ್ತೆಯನ್ನು ಸ್ವಚ್ಛಗೊಳಿಸುತ್ತೇನೆ."

ಇದ್ರ ಜೊತೆ ಮಂಜೂರಾದ ಪ್ಲಾನ್ ಜೆರಾಕ್ಸ್, ಕಂದಾಯ ರಸೀದಿ, ಕೈಯಲ್ಲೇ ಗೀಚಿದ ಒಂದು ನಕ್ಷೆ, ಖಾಲಿ ರಸ್ತೆಯ ಫೋಟೋ. ಈ ಫೋಟೋ ಬಹಳ ಮುಖ್ಯ. ಮುಂಚೆನೇ ಅಲ್ಲಿ ಟಾರು ಕಿತ್ತಿತ್ತು, ಫುಟ್‌ಪಾತ್ ಟೈಲ್ಸ್ ಒಡೆದಿತ್ತು ಅನ್ನೋದಕ್ಕೆ ಆಮೇಲೆ ನಿಮ್ಮ ಹತ್ರ ಸಾಕ್ಷಿ ಇರ್ಬೇಕಲ್ಲ, ಇಲ್ಲಾಂದ್ರೆ ಅದೂ ನಿಮ್ಮ ಡಿಪಾಸಿಟ್ಟಿಗೇ ಬೀಳುತ್ತೆ.

ಅರ್ಜೀನ ಯಾರ ಟೇಬಲ್ ಮೇಲೋ ಇಟ್ಟು ಬರ್ಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿ ಮೇಲೆ ಸೀಲು, ತಾರೀಕು, ಸ್ವೀಕೃತಿ ನಂಬರ್ ಹಾಕಿಸ್ಕೊಳ್ಳಿ. ಜೆಇ ಬಂದು ಸ್ಥಳ ನೋಡ್ತಾರೆ, ಶುಲ್ಕ ಮತ್ತೆ ಡಿಪಾಸಿಟ್ ಎಷ್ಟು ಅಂತ ಹೇಳ್ತಾರೆ, ಕಟ್ಟಿದ್ದಕ್ಕೆ ರಸೀದಿ ತಗೊಳ್ಳಿ, ರಸೀದಿ ಇಲ್ದೆ ಕೊಟ್ಟ ದುಡ್ಡು ಶುಲ್ಕ ಅಲ್ಲ ಅಂತ ನಿಮಗೇ ಗೊತ್ತು. ಆಗಲ್ಲ ಅಂದ್ರೆ ಬಾಯ್ಮಾತಲ್ಲಿ ಕಳಿಸೋದಕ್ಕೆ ಬಿಡ್ಬೇಡಿ, ಹಿಂಬರಹ, ಅಂದ್ರೆ ಯಾಕೆ ಆಗಲ್ಲ ಅಂತ ಬರವಣಿಗೇಲಿ ಉತ್ತರ, ಕೊಡಿ ಅಂತ ಕೇಳಿ. ಹಿಂಬರಹ ಅಂದ ತಕ್ಷಣ ಎಷ್ಟೋ ಆಗದೇ ಇರೋ ಕೆಲಸ ಆಗೋದನ್ನ ನೋಡಿದೀನಿ.

ನೀರಿಂದೋ ಯುಜಿಡಿದೋ (ಒಳಚರಂಡಿ) ಕನೆಕ್ಷನ್‌ಗೆ ರಸ್ತೆ ಅಗೆಯೋದಿದ್ರೆ ಇದೇ ಅರ್ಜೀಲಿ ಸೇರಿಸ್ಬೇಡಿ. ರಸ್ತೆ ಕಟಿಂಗ್ ಅನುಮತಿ ಪ್ರತ್ಯೇಕ, ಮುಚ್ಚೋ ಖರ್ಚನ್ನೂ ಮುಂಚೆನೇ ಕಟ್ಟಿಸ್ಕೊಳ್ತಾರೆ. ರಾತ್ರೋರಾತ್ರಿ ಅಗೆದು ಮಣ್ಣು ಮುಚ್ಚಿ ಹೋಗೋ ಪ್ಲಂಬರ್‌ಗಳಿದಾರೆ, ಮೊದಲ ಮಳೆಗೇ ಅದು ಕುಸಿಯುತ್ತೆ, ಗುಂಡಿ ಇರೋದು ನಿಮ್ಮ ಮನೆ ಮುಂದೆ, ಪ್ಲಂಬರ್ ಮನೆ ಮುಂದೆ ಅಲ್ಲ.

ಶಾಮಿಯಾನ, ಪೆಂಡಾಲ್

ಇಲ್ಲಿ ಎರಡು ಬಾಗಿಲು ತಟ್ಟಬೇಕು, ಸ್ಥಳೀಯ ಸಂಸ್ಥೆ ಒಂದು, ಪೊಲೀಸ್ ಠಾಣೆ ಒಂದು. ರಸ್ತೇನ ಪೂರ್ತಿ ಬಂದ್ ಮಾಡೋ ಹಂಗಿದ್ರೆ ಟ್ರಾಫಿಕ್ ಠಾಣೆಯೋರಿಗೂ ತಿಳಿಸ್ಬೇಕು, ಬಸ್ ಓಡಾಡೋ ರಸ್ತೆ ಆದ್ರೆ ಆಸೆ ಬಿಟ್ಬಿಡಿ, ಪಕ್ಕದ ಕ್ರಾಸೋ ಮೈದಾನವೋ ನೋಡ್ಕೊಳ್ಳಿ. ಕನಿಷ್ಠ ಒಂದು ವಾರ ಮುಂಚೆ ಹೋಗಿ, ಲಗ್ನಪತ್ರಿಕೆ ಇದ್ರೆ ಅರ್ಜಿಗೆ ಒಂದು ಲಗತ್ತಿಸಿ, ಠಾಣೇಲಿ ಅದನ್ನ ನೋಡಿದ್ರೆ ತಾರೀಕಿನ ಬಗ್ಗೆ ಪ್ರಶ್ನೆ ಕಮ್ಮಿ.

ಗಣೇಶನ ಹಬ್ಬಕ್ಕೆ ಬೆಂಗಳೂರಲ್ಲಿ ಏಕಗವಾಕ್ಷಿ ಅಂತ ಮಾಡ್ತಾರೆ, ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕ ಎಲ್ಲಾ ಒಂದೇ ಕಡೆ ಸಿಗುತ್ತೆ, ಅದನ್ನ ಬಳಸ್ಕೊಳ್ಳಿ. ಬೇರೆ ಊರುಗಳಲ್ಲಿ ಠಾಣೇಲಿ ಹಬ್ಬದ ಮುಂಚೆ ಶಾಂತಿ ಸಭೆ ಕರೀತಾರೆ, ಸಂಘದೋರು ಒಬ್ರಾದ್ರೂ ಹೋಗಿ, ಷರತ್ತೆಲ್ಲ ಅಲ್ಲೇ ಹೇಳ್ತಾರೆ.

ಮೈಕ್ ಸೆಟ್ ಇದ್ರೆ ಅದಕ್ಕೆ ಬೇರೆ ಲಿಖಿತ ಅನುಮತಿ. ಶಬ್ದ ಮಾಲಿನ್ಯ ನಿಯಮ 2000ನೇ ಇಸವಿದು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಸರ್ಕಾರ ವರ್ಷಕ್ಕೆ 15 ದಿನ ಮೀರದ ಹಾಗೆ ಹಬ್ಬಹರಿದಿನಕ್ಕೆ 12ರವರೆಗೆ ಸಡಿಲಿಸಬಹುದು, ಆ ದಿನ ಯಾವ್ಯಾವುದು ಅಂತ ಸರ್ಕಾರ ಹೇಳುತ್ತೆ, ನಿಮ್ಮ ಮನೆ ರಿಸೆಪ್ಷನ್ ಅದ್ರಲ್ಲಿ ಬರಲ್ಲ.

ಕರೆಂಟಿಗೆ ಬೀದಿ ಕಂಬದಿಂದ ಕೊಕ್ಕೆ ಹಾಕೋದು ನಿಲ್ಲಿಸಿ, ದಯವಿಟ್ಟು. ಎಸ್ಕಾಂನೋರು (ನಿಮ್ಮ ಊರಿನ ವಿದ್ಯುತ್ ಕಂಪನಿ) ತಾತ್ಕಾಲಿಕ ಕನೆಕ್ಷನ್ ಕೊಡ್ತಾರೆ, ಇಲ್ಲಾ ನಿಮ್ಮ ಮನೆ ಮೀಟರಿಂದ ಎಳ್ಕೊಳ್ಳಿ, ಇಲ್ಲಾ ಜನರೇಟರ್. ಕಬ್ಬಿಣದ ಪೈಪಿನ ಶಾಮಿಯಾನ, ಮೇಲೆ ಮಳೆ, ಅದರ ಮೇಲೆ ಹಾದು ಹೋಗೋ ತಂತಿ, ಮೂರೂ ಸೇರಿದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ. ತಂತಿ ಕೆಳಗೆ ಕಮಾನು ನಿಲ್ಲಿಸ್ಬೇಡಿ.

ಕಂಬ ನೆಡೋಕೆ ಟಾರಲ್ಲಿ ಗುಂಡಿ ಹೊಡೀಬೇಡಿ. ಹಳೇ ಎಣ್ಣೆ ಡ್ರಮ್ಮಿಗೋ ದೊಡ್ಡ ಪೇಂಟ್ ಡಬ್ಬಕ್ಕೋ ಮರಳು ತುಂಬಿ ಅದ್ರಲ್ಲಿ ಕಂಬ ನಿಲ್ಲಿಸ್ತಾರೆ, ಶಾಮಿಯಾನದೋರ ಹತ್ರನೇ ಇರುತ್ತೆ, ಕೇಳಿದ್ರೆ ತರ್ತಾರೆ, ಕೇಳ್ದಿದ್ರೆ ಹಾರೆ ತರ್ತಾರೆ. ಒಂದು ಕಡೆ ತುದೀನ ತೆಗೆಯೋ ಹಾಗೆ ಕಟ್ಟಿಸಿ, ಆಂಬುಲೆನ್ಸ್ ಬಂತು ಅಂದ್ರೆ ಎರಡು ಹಗ್ಗ ಬಿಚ್ಚಿ ಪಕ್ಕಕ್ಕೆ ಸರಿಸೋ ಹಂಗಿರ್ಬೇಕು, ಅಡುಗೆ ಒಲೆ ಸಿಲಿಂಡರ್ ಆ ತುದೀಲಿ ಇಡ್ಬೇಡಿ.

ಮನೇಲಿ ಸಾವಾದಾಗ ಹಾಕೋ ಶಾಮಿಯಾನಕ್ಕೆ ಯಾರೂ ಅರ್ಜಿ ಹಿಡ್ಕೊಂಡು ಓಡಲ್ಲ, ಓಡು ಅಂತ ಹೇಳೋದೂ ತಪ್ಪು. ನೆಂಟರಲ್ಲಿ ಯಾರಾದ್ರೂ ಒಬ್ರು ಠಾಣೆಗೆ ಒಂದು ಫೋನ್ ಮಾಡಿ ಇಂಥಾ ಕ್ರಾಸಲ್ಲಿ ಇಂತಿಷ್ಟು ಹೊತ್ತು ಅಂತ ತಿಳಿಸಿ, ಅರ್ಧ ರಸ್ತೆ ಬಿಟ್ಟು ಹಾಕಿದ್ರೆ ಯಾರೂ ಮಾತಾಡಲ್ಲ, ಕ್ರಾಸ್ ಶುರುವಾಗೋ ಕಡೆ ಒಬ್ಬ ಹುಡುಗನ್ನ ನಿಲ್ಲಿಸಿದ್ರೆ ಗಾಡಿಗಳು ಒಳಗೆ ಬಂದು ಸಿಕ್ಕಿ ಹಾಕ್ಕೊಳ್ಳೋದು ತಪ್ಪುತ್ತೆ.

ಇಟ್ಟಿರೋಷ್ಟು ದಿನ ಏನ್ ನೋಡ್ಕೋಬೇಕು

ಅನುಮತಿ ಸಿಕ್ತು ಅಂತ ಕಾಗದ ಬೀರಲ್ಲಿಟ್ಟು ಮರೀಬೇಡಿ, ನಿಜವಾದ ಕೆಲಸ ಈಗ ಶುರು. ಕಾಗದದ ಜೆರಾಕ್ಸ್ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಗೇಟಿಗೆ ಕಟ್ಟಿ, ಮೂಲ ಪ್ರತಿ ಮನೇಲಿರ್ಲಿ, ಕೆಲಸದೋರ ಮೊಬೈಲಲ್ಲೂ ಒಂದು ಫೋಟೋ ಇರ್ಲಿ.

ನಡೆಯೋರ ದಾರಿ ಮೊದಲು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಅನ್ನೋ ಮಾರ್ಗಸೂಚೀಲಿ ಫುಟ್‌ಪಾತಲ್ಲಿ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಅಡೆತಡೆ ಇಲ್ದೆ ಇರ್ಬೇಕು ಅಂತಿದೆ, ಅಂದ್ರೆ ಆರಡಿ ಅಗಲ, ತಲೆ ಮೇಲೆ ಏಳಡಿ ಮೇಲ್ಪಟ್ಟು. ನಮ್ಮ ಊರಿನ ಎಷ್ಟೋ ಫುಟ್‌ಪಾತ್ ಹುಟ್ಟಿದಾಗಿಂದ್ಲೇ ಅಷ್ಟಿಲ್ಲ ಬಿಡಿ. ಆದ್ರೂ ಲೆಕ್ಕ ಹಿಂಗಿಟ್ಕೊಳ್ಳಿ: ಗಾಲಿಕುರ್ಚಿ ಹೋಗೋಕೆ ಮೂರಡಿ ಬೇಕೇ ಬೇಕು, ಅದು ಸಿಗಲ್ಲ ಅಂದ್ರೆ ಆ ಸಾಮಾನು ಫುಟ್‌ಪಾತ್ ಮೇಲೆ ಇಡಂಗೇ ಇಲ್ಲ, ರಸ್ತೆ ಬದೀಲಿ ಇಟ್ಟು ಫುಟ್‌ಪಾತ್ ಖಾಲಿ ಬಿಡಿ. ಜನ ಎಲ್ಲಾ ಇದರ ಉಲ್ಟಾ ಮಾಡ್ತಾರೆ, ಗಾಡಿಗೆ ತೊಂದ್ರೆ ಆಗ್ಬಾರ್ದು ಅಂತ ಫುಟ್‌ಪಾತ್ ಮೇಲೆ ಜಲ್ಲಿ ಸುರೀತಾರೆ, ಸ್ಕೂಲಿಗೆ ಹೋಗೋ ಮಗು ಕೆಳಗಿಳಿದು ಬಸ್ ಪಕ್ಕ ನಡೀಬೇಕು. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಫುಟ್‌ಪಾತ್ ಬಳಸೋ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಬರುತ್ತೆ ಅಂತ ಹೇಳಿದೆ, ಅಂದ್ರೆ ಬದುಕೋ ಹಕ್ಕಿನ ಭಾಗ ಅದು, ಇದನ್ನ ಮೇಸ್ತ್ರಿಗೂ ಹೇಳಿ.

ಗಾಡಿ ದಾರಿ: ಲಾರಿ ಬಸ್ಸಿನ ಅಗಲಕ್ಕೆ ನಿಯಮದಲ್ಲಿ ಮಿತಿ ಇರೋದು 2.6 ಮೀಟರ್. ಅಗ್ನಿಶಾಮಕದ ಗಾಡಿ ನುಗ್ಗೋಕೆ ಕನ್ನಡಿ, ತಿರುವು ಎಲ್ಲಾ ಸೇರಿ ಹನ್ನೆರಡಡಿನಾದ್ರೂ ಬಿಡಿ. ತಿರುವಲ್ಲಿ, ಟ್ರಾನ್ಸ್‌ಫಾರ್ಮರ್ ಕೆಳಗೆ, ಮ್ಯಾನ್‌ಹೋಲ್ ಮೇಲೆ, ನೀರಿನ ವಾಲ್ವ್ ಮೇಲೆ ಏನೂ ಇಡ್ಬೇಡಿ. ವಾಲ್ವ್ ಮೇಲೆ ಜಲ್ಲಿ ಬಿದ್ರೆ ನೀರು ಬಿಡೋನು ಬಂದು ಹುಡುಕಿ ಸಿಗದೆ ಹೋಗ್ತಾನೆ, ಇಡೀ ಬೀದಿ ಕೊಡ ಹಿಡ್ಕೊಂಡು ನಿಮ್ಮನ್ನ ಬೈಯುತ್ತೆ. ಮರದ ಬುಡಕ್ಕೂ ಮರಳು ಒತ್ತರಿಸ್ಬೇಡಿ.

ರಾತ್ರಿ ಕಾಣ್ಬೇಕು. ಎರಡು ಕಡೆ ಕೋನ್, ಕೆಂಪು ಬಿಳಿ ಟೇಪು, ಮಿಣುಕೋ ಕೆಂಪು ದೀಪ. ಅಂಗಡೀಲಿ ರಿಫ್ಲೆಕ್ಟರ್ ಸ್ಟಿಕ್ಕರ್ ಸಿಗುತ್ತೆ, ಹಳೇ ಡಬ್ಬಕ್ಕೆ ಅಂಟಿಸಿದ್ರೂ ನಡೆಯುತ್ತೆ. ಬರೀ ಒಂದು ಮರದ ಕೊಂಬೆ ಸಿಗಿಸಿ ಹೋಗೋ ಪದ್ಧತಿ ಇದೆಯಲ್ಲ, ಬೀದಿ ದೀಪ ಕೆಟ್ಟಿದ್ದ ದಿನ ಬೈಕಿನೋನಿಗೆ ಕೊಂಬೆ ಕಾಣೋದು ಗುಡ್ಡೆ ಮೇಲೆ ಹತ್ತಿದ್ಮೇಲೇ.

ಎಂ-ಸ್ಯಾಂಡ್ ಪುಡಿ ಟಾರಿನ ಮೇಲೆ ತೆಳ್ಳಗೆ ಹರಡಿದ್ರೆ ಸ್ಕೂಟರ್ ಜಾರೋಕೆ ಅಷ್ಟೇ ಸಾಕು, ಗುಡ್ಡೆಗಿಂತ ಇದು ಅಪಾಯ ಯಾಕಂದ್ರೆ ಕಣ್ಣಿಗೇ ಬೀಳಲ್ಲ. ದಿನಾ ಸಂಜೆ ಕೆಲಸ ಬಿಡೋ ಮುಂಚೆ ಪೊರಕೆ ಹಿಡಿದು ಒಟ್ಟು ಮಾಡ್ಸಿ, ಟಾರ್ಪಾಲ್ ಹೊದಿಸಿ, ನಾಲ್ಕು ಮೂಲೆಗೆ ಕಲ್ಲಿಡಿ. ಮಳೆಗಾಲದಲ್ಲಂತೂ ಟಾರ್ಪಾಲ್ ಇಲ್ದಿದ್ರೆ ನಿಮ್ಮ ಮರಳೆಲ್ಲ ಚರಂಡಿಗೆ, ಚರಂಡಿ ನೀರೆಲ್ಲ ಕೆಳಗಿನ ಮನೆಗೆ. ಕಾಂಕ್ರೀಟ್ ನೇರ ರಸ್ತೆ ಮೇಲೆ ಕಲಸ್ಬೇಡಿ, ಕೆಳಗೆ ತಗಡು ಹಾಸಿ, ಗಟ್ಟಿಯಾಗಿ ಅಂಟ್ಕೊಂಡ ಸಿಮೆಂಟ್ ಉಬ್ಬು ವರ್ಷಾನುಗಟ್ಲೆ ಹಂಗೇ ಇರುತ್ತೆ, ಉಚಿತ ಹಂಪ್. ಆರ್‌ಎಂಸಿ (ರೆಡಿ ಮಿಕ್ಸ್ ಕಾಂಕ್ರೀಟ್) ಗಾಡಿ ಡ್ರೈವರ್ ಹೋಗೋ ಮುಂಚೆ ಡ್ರಮ್ ತೊಳೆದು ಚರಂಡಿಗೆ ಬಿಡ್ತಾನೆ, ಅಲ್ಲೇ ನಿಂತು ಬೇಡ ಅನ್ನಿ. ಮೋಲ್ಡ್ ದಿನ ಪಂಪಿನ ಗಾಡಿ ಕಾಲು ಚಾಚಿ ನಿಂತ್ರೆ ಇಡೀ ಕ್ರಾಸ್ ಬಂದ್, ಅದಕ್ಕೆ ಹಿಂದಿನ ದಿನಾನೇ ಬೀದಿಯೋರಿಗೆಲ್ಲ ಹೇಳಿ, ಕಾರಿರೋರು ಆಚೆ ತೆಗೆದಿಟ್ಕೊಳ್ತಾರೆ. ದೊಡ್ಡ ಗಾಡಿಗಳಿಗೆ ನಿಮ್ಮ ಊರಲ್ಲಿ ಯಾವ ಹೊತ್ತಲ್ಲಿ ನಿರ್ಬಂಧ ಅಂತ ಟ್ರಾಫಿಕ್ ಠಾಣೇಲಿ ಕೇಳ್ಕೊಂಡು ಟೈಮ್ ಇಡಿ.

ತೆಗೆಯೋದು

ಅವಧಿ ಮುಗಿಯೋ ಎರಡು ದಿನ ಮುಂಚೆ ನೋಡ್ಕೊಳ್ಳಿ, ಸಾಲಲ್ಲ ಅನ್ಸಿದ್ರೆ ಆವಾಗ್ಲೇ ವಿಸ್ತರಣೆಗೆ ಅರ್ಜಿ ಕೊಡಿ, ಮುಗಿದ್ಮೇಲೆ ಕೊಟ್ರೆ ಅದು ಹೊಸ ಅರ್ಜಿ, ಮಧ್ಯದ ದಿನ ಅಕ್ರಮ. ಡೆಬ್ರಿಸ್ ವಿಷ್ಯದಲ್ಲಿ ಜನ ಜಾಣರು, ರಾತ್ರಿ ಗೋಣಿಚೀಲದಲ್ಲಿ ತುಂಬಿ ಮೂಲೆ ಖಾಲಿ ಸೈಟಿಗೋ ರಾಜಕಾಲುವೆ ಪಕ್ಕಕ್ಕೋ ಕಳಿಸ್ತಾರೆ. ಕಟ್ಟಡ ತ್ಯಾಜ್ಯ ನಿಮ್ಮ ಜಾಗದ ಒಳಗೇ ಇರ್ಬೇಕು ಅಥವಾ ನಿಗದಿ ಮಾಡಿದ ಕೇಂದ್ರಕ್ಕೆ ಹೋಗ್ಬೇಕು, ರಸ್ತೆಗೂ ಚರಂಡಿಗೂ ಅಡ್ಡ ಆಗ್ಬಾರ್ದು ಅಂತ ಕೇಂದ್ರ ಸರ್ಕಾರದ 2016ರ ನಿಯಮದಲ್ಲೇ ಬಂದಿತ್ತು. ಎಲ್ಲಿಗೆ ಹಾಕ್ಬೇಕು ಅಂತ ವಾರ್ಡಿನ ಆರೋಗ್ಯ ನಿರೀಕ್ಷಕರನ್ನ ಕೇಳಿದ್ರೆ ಹೇಳ್ತಾರೆ.

ಗುಡಿಸಿ ನೀರು ಚಿಮುಕಿಸಿ ಖಾಲಿ ಮಾಡಿದ್ಮೇಲೆ ಮೊದಲು ತೆಗೆದ ಜಾಗದಿಂದ್ಲೇ ನಿಂತು ಫೋಟೋ ತೆಗೀರಿ, ಡಿಪಾಸಿಟ್ ವಾಪಸ್ ಅರ್ಜಿಗೆ ಎರಡೂ ಫೋಟೋ, ರಸೀದಿ ಲಗತ್ತಿಸಿ ಅದೇ ವಾರ ಕೊಡಿ. ಆರು ತಿಂಗಳು ಬಿಟ್ಟು ಹೋದ್ರೆ ಜೆಇ ಬದಲಾಗಿರ್ತಾರೆ, ಫೈಲ್ ಹುಡುಕೋದು ನಿಮ್ಮ ಕೆಲಸ ಆಗುತ್ತೆ.

ಅನುಮತಿ ಕೇಳಿದ್ರೂ ಸಿಗದೇ ಇರೋವು

ಮನೆ ಮುಂದೆ ಬೇರೆಯೋರು ಕಾರ್ ನಿಲ್ಲಿಸ್ಬಾರ್ದು ಅಂತ ಇಡೋ ಹೂಕುಂಡ, ಕಲ್ಲುಗುಂಡು, ಪೇಂಟ್ ಡಬ್ಬಕ್ಕೆ ಕಾಂಕ್ರೀಟ್ ತುಂಬಿ ಮಧ್ಯೆ ಪೈಪ್ ನಿಲ್ಲಿಸಿ ಚೈನ್ ಎಳೆಯೋದು, "ನೋ ಪಾರ್ಕಿಂಗ್, ಟೈರ್ ಗಾಳಿ ಬಿಡಲಾಗುವುದು" ಬೋರ್ಡು, ಇವಕ್ಕೆಲ್ಲ ಅನುಮತಿ ಅನ್ನೋದೇ ಇಲ್ಲ. ಗೇಟಿಗೆ ಅಡ್ಡ ನಿಲ್ಲಿಸಿದ್ರೆ ಪೊಲೀಸ್‌ಗೆ ಹೇಳಿ ತೆಗೆಸ್ಬಹುದು, ಪಕ್ಕದ ಜಾಗ ಕಾಯ್ದಿರಿಸೋ ಹಕ್ಕು ಯಾರಿಗೂ ಇಲ್ಲ. ಕಾರ್ ಹತ್ತಿಸೋಕೆ ರಸ್ತೆವರೆಗೂ ಇಳಿಸಿರೋ ರ‍್ಯಾಂಪು, ಚರಂಡಿ ಮೇಲೆ ಕಟ್ಟಿರೋ ಪುಟಾಣಿ ಗಾರ್ಡನ್ನು ತಾತ್ಕಾಲಿಕನೂ ಅಲ್ಲ, ಅದು ನೇರ ಒತ್ತುವರಿ. ಹುಟ್ಟುಹಬ್ಬದ ಫ್ಲೆಕ್ಸ್ ಕಥೆ ಬೇರೆ, ಅದಕ್ಕೆ 1981ರ ವಿರೂಪ ತಡೆ ಕಾಯ್ದೆ ಇದೆ, ಶುಭಾಶಯ ಕೋರೋ ಅಷ್ಟೂ ಮುಖಗಳಿಗೂ ಅದು ಗೊತ್ತು.

ಬೇರೆಯೋರು ಅಡ್ಡ ಹಾಕಿದ್ರೆ

ಮೊದಲು ಹೋಗಿ ಮಾತಾಡಿ, "ಅಣ್ಣಾ, ಎರಡಡಿ ಒಳಗೆ ಸರಿಸ್ಬಿಡಿ, ಅಪ್ಪ ವಾಕರ್ ಹಿಡ್ಕೊಂಡು ಓಡಾಡ್ತಾರೆ" ಅಂದ್ರೆ ಹೆಚ್ಚಿನೋರು ಸರಿಸ್ತಾರೆ. ಆಗ್ಲಿಲ್ವಾ, ಫೋಟೋ ತೆಗೀರಿ, ಒಂದರಲ್ಲಿ ಅಂಗಡಿ ಬೋರ್ಡೋ ಕಂಬದ ನಂಬರೋ ಕಾಣ್ಬೇಕು. ಬೆಂಗಳೂರಾದ್ರೆ 1533ಕ್ಕೆ, ಬೇರೆ ನಗರ ಪಟ್ಟಣ ಆದ್ರೆ ಪೌರಾಡಳಿತ ನಿರ್ದೇಶನಾಲಯದ ಜನಹಿತ ಆ್ಯಪಲ್ಲಿ ದೂರು ಹಾಕಿ, ದೂರಿನ ನಂಬರ್ ಬರೆದಿಟ್ಕೊಳ್ಳಿ. ಯಾರಾದ್ರೂ ಬಿದ್ದಿದಾರೆ, ಆಂಬುಲೆನ್ಸ್ ಸಿಕ್ಕಿ ಹಾಕ್ಕೊಂಡಿದೆ ಅಂದ್ರೆ 112.

ತಳ್ಳುಗಾಡಿ, ಬೀದಿ ಬದಿ ವ್ಯಾಪಾರಿಗಳನ್ನ ಇದೇ ತಕ್ಕಡೀಲಿ ತೂಗ್ಬೇಡಿ. ಅವ್ರಿಗೆ 2014ರ ಪ್ರತ್ಯೇಕ ಕಾಯ್ದೆ ಇದೆ, ಪಟ್ಟಣ ಮಾರಾಟ ಸಮಿತಿ, ಸಮೀಕ್ಷೆ, ಪ್ರಮಾಣಪತ್ರ ಎಲ್ಲಾ ಇದೆ, ಎಬ್ಬಿಸ್ಬೇಕಾದ್ರೆ 30 ದಿನದ ನೋಟಿಸ್ ಕೊಡ್ಬೇಕು, ಸಾಮಾನು ಜಪ್ತಿ ಮಾಡಿದ್ರೆ ಪಟ್ಟಿ ಕೊಡ್ಬೇಕು, ಹಣ್ಣು ತರಕಾರಿ ಥರ ಕೆಡೋ ಮಾಲಾದ್ರೆ ಕೇಳಿದ ದಿನವೇ, ಬೇರೆದಾದ್ರೆ ಎರಡು ಕೆಲಸದ ದಿನದೊಳಗೆ ಬಿಡ್ಬೇಕು. ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ ಸೊಪ್ಪಿನ ಗಾಡಿಗಿಂತ ಹತ್ತು ಪಟ್ಟು ಫುಟ್‌ಪಾತ್ ನುಂಗೋದು ಶೋರೂಮ್ ಮುಂದೆ ಸಾಲಾಗಿ ನಿಲ್ಲಿಸೋ ಬೈಕುಗಳು, ಹೋಟೆಲ್‌ನೋರು ಹೊರಗಿಡೋ ಟೇಬಲ್ಲು, ಆದ್ರೆ ದೂರು ಹೋಗೋದು ಮಾತ್ರ ಸೊಪ್ಪಿನ ಅಮ್ಮನ ಮೇಲೆ.

ಎಲ್ಲೂ ಕೇಳಲಿಲ್ಲ, ಅಡ್ಡಿ ದೊಡ್ಡದೇ ಇದೆ ಅಂದ್ರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಇದೆ, ಹಳೇ ಸಿಆರ್‌ಪಿಸಿ 133. ಉಪವಿಭಾಗಾಧಿಕಾರಿ, ಅಂದ್ರೆ ಎಸಿ ಸಾಹೇಬ್ರಿಗೆ ಅರ್ಜಿ ಕೊಟ್ರೆ ಅವ್ರು ಮ್ಯಾಜಿಸ್ಟ್ರೇಟ್ ಆಗಿ ತೆರವಿಗೆ ಷರತ್ತುಬದ್ಧ ಆದೇಶ ಮಾಡ್ಬಹುದು, ಸರಿಯಾಗಿ ಮಾಡಿದ ಆ ಆದೇಶವನ್ನ ಸಿವಿಲ್ ಕೋರ್ಟಲ್ಲಿ ಪ್ರಶ್ನಿಸೋಕೆ ಬರಲ್ಲ. ಇದಕ್ಕೆ ಮುಂಚೆ ಒಂದು ಆರ್‌ಟಿಐ ಹಾಕಿ, 10 ರೂಪಾಯಿ ಶುಲ್ಕ, ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ 150 ಪದದೊಳಗೆ ಇರ್ಬೇಕು, ಉತ್ತರಕ್ಕೆ 30 ದಿನ. ಪ್ರಶ್ನೆ ಒಂದೇ ಕೇಳಿ: ಇಂಥಾ ರಸ್ತೇಲಿ ಇಂಥಾ ತಾರೀಕಿಂದ ಸಾಮಗ್ರಿ ಇಡೋಕೆ ಕೊಟ್ಟಿರೋ ಅನುಮತಿಯ ದೃಢೀಕೃತ ಪ್ರತಿ ಕೊಡಿ. "ಅಂಥ ಅನುಮತಿ ನೀಡಿರುವುದಿಲ್ಲ" ಅಂತ ಉತ್ತರ ಬಂದ್ರೆ ಅದನ್ನೇ ಎಸಿ ಅರ್ಜಿಗೆ ಮೊದಲ್ನೇ ಲಗತ್ತು ಮಾಡಿ.